ಕುದುರೆ ತಲೆ, ನೇಗಿಲು, ಹದಿನಾಲ್ಕನೇ ನಕ್ಷತ್ರ: ಅಮೆರಿಕದ ಮೊದಲ ರಾಜ್ಯ ನಾಣ್ಯಗಳನ್ನು ಕೂಡಿಸುವುದು ಹೇಗೆ?

ಅಮೆರಿಕದ ಹಳೆ ನಾಣ್ಯ ಅಂದರೆ ಪತ್ರಿಕೆಗಳಿಗೆ ನೆನಪಾಗುವುದು ಬ್ರೇಷರ್ ಡಬ್ಲೂನ್. ನ್ಯೂಯಾರ್ಕಿನ ಅಕ್ಕಸಾಲಿಗ ಎಫ್ರೈಮ್ ಬ್ರೇಷರ್ 1787ರಲ್ಲಿ ಮಾಡಿದ ಚಿನ್ನದ ನಾಣ್ಯ ಅದು. 2021ರ ಜನವರಿಯಲ್ಲಿ ಒಂದು ಡಬ್ಲೂನ್ 93.6 ಲಕ್ಷ ಡಾಲರಿಗೆ ಹರಾಜಾಯಿತು. ಇಂಥ ಸುದ್ದಿ ಓದಿ, ‘ಇದು ನಮ್ಮಂಥವರ ಹವ್ಯಾಸವಲ್ಲ ಬಿಡಿ’ ಎಂದು ಸುಮ್ಮನಾದವರೇ ಜಾಸ್ತಿ.

ಆದರೆ ಅದೇ 1787ರಲ್ಲಿ ಕನೆಕ್ಟಿಕಟ್ ರಾಜ್ಯದ ಹೆಸರಿನಲ್ಲಿ ಹೊರಬಂದ ತಾಮ್ರದ ನಾಣ್ಯ ಇವತ್ತಿಗೂ ನೂರು ಡಾಲರಿನ ಆಸುಪಾಸಿನಲ್ಲಿ ಸಿಗುತ್ತದೆ. ಸವೆದಿರುತ್ತದೆ, ನಿಜ. ಆದರೂ ಅಕ್ಷರ ಓದಬಹುದು, ಇಸವಿ ಕಾಣುತ್ತದೆ, ಅಸಲಿ ನಾಣ್ಯ. ಇನ್ನೂ ಚೆಂದದ ಸಂಗತಿ ಏನೆಂದರೆ, ಆ ನೂರು ಡಾಲರಿನ ನಾಣ್ಯಗಳ ರಾಶಿಯಲ್ಲೇ ಜಗತ್ತಿನಲ್ಲಿ ಮೂವತ್ತೋ ನಲವತ್ತೋ ಮಾತ್ರ ಉಳಿದಿರುವ ನಾಣ್ಯವೂ ಅಡಗಿ ಕೂತಿರಬಹುದು. ಅದನ್ನು ಗುರುತಿಸಲು ದುಡ್ಡಿಗಿಂತ ಓದು, ಕಣ್ಣು ಮತ್ತು ತಾಳ್ಮೆ ಬೇಕು. ಈ ಲೇಖನ ಆ ಓದು ಮತ್ತು ಕಣ್ಣಿನ ಬಗ್ಗೆ.

ಮೊದಲು ಗಡಿ ಹಾಕಿಕೊಳ್ಳಿ

ಅಮೆರಿಕದ ‘ಹಳೆ ನಾಣ್ಯ’ ದೊಡ್ಡ ಕಾಡು. ಬಾಸ್ಟನ್ನಿನಲ್ಲಿ ಮಾಡಿದ 1652 ಇಸವಿಯ ಬೆಳ್ಳಿ ಶಿಲ್ಲಿಂಗುಗಳು ಬ್ರಿಟಿಷ್ ವಸಾಹತು ಕಾಲದವು. 1793ರಿಂದ ಫಿಲಡೆಲ್ಫಿಯಾದಲ್ಲಿ ಬಂದ ದೊಡ್ಡ ತಾಮ್ರದ ಸೆಂಟುಗಳು ಕೇಂದ್ರ ಸರ್ಕಾರದವು. ನಾವು ಹೇಳುತ್ತಿರುವ ರಾಜ್ಯ ನಾಣ್ಯಗಳು ಇವೆರಡರ ನಡುವಿನ ಬರೀ ನಾಲ್ಕು ವರ್ಷದ ಬೆಳೆ. 1785ರಿಂದ 1788.

ಯಾಕೆ ಆ ನಾಲ್ಕೇ ವರ್ಷ? 1781ರಲ್ಲಿ ಜಾರಿಗೆ ಬಂದ ಒಕ್ಕೂಟದ ಒಪ್ಪಂದದಲ್ಲಿ ರಾಜ್ಯಗಳಿಗೂ ನಾಣ್ಯ ಹೊಡೆಸುವ ಹಕ್ಕಿತ್ತು. ಆಮೇಲೆ ಬಂದ ಸಂವಿಧಾನ ಅದನ್ನು ಕಿತ್ತುಕೊಂಡಿತು. ಮೊದಲನೇ ವಿಧಿಯ ಹತ್ತನೇ ವಿಭಾಗದಲ್ಲಿ ಯಾವ ರಾಜ್ಯವೂ ನಾಣ್ಯ ಮಾಡಕೂಡದು ಎಂದು ಸ್ಪಷ್ಟವಾಗಿ ಬರೆದಿದೆ. ಆ ನಡುವಿನ ಸಂದಿಯಲ್ಲಿ ಚಿಲ್ಲರೆಗೆ ಪರದಾಡುತ್ತಿದ್ದ ರಾಜ್ಯಗಳು ಖಾಸಗಿಯವರಿಗೆ ಗುತ್ತಿಗೆ ಕೊಟ್ಟು ತಾಮ್ರದ ಕಾಸು ಮಾಡಿಸಿದವು. 1789ರ ಬೇಸಿಗೆಯಲ್ಲಿ ನ್ಯೂಯಾರ್ಕಿನ ಪೇಟೆಯಲ್ಲಿ ಈ ತಾಮ್ರದ ಕಾಸುಗಳ ಬೆಲೆ ದಿಢೀರನೆ ಬಿತ್ತು. ನಕಲಿ ಮತ್ತು ಹಗುರ ನಾಣ್ಯಗಳು ಅಷ್ಟು ತುಂಬಿಹೋಗಿದ್ದವು. ಅಲ್ಲಿಗೆ ಈ ಕತೆ ಮುಗಿದ ಹಾಗೇ.

ಹೀಗೆ ಹೊರಬಂದವು ನಾಲ್ಕು ರಾಜ್ಯಗಳ ನಾಣ್ಯಗಳು: ಕನೆಕ್ಟಿಕಟ್, ನ್ಯೂಜೆರ್ಸಿ, ವರ್ಮಾಂಟ್, ಮ್ಯಾಸಚೂಸೆಟ್ಸ್. ನ್ಯೂಯಾರ್ಕ್ ರಾಜ್ಯ ಅಧಿಕೃತವಾಗಿ ನಾಣ್ಯ ಮಾಡಿಸಲೇ ಇಲ್ಲ. ಅಲ್ಲಿನ ನಾಣ್ಯಗಳೆಲ್ಲ ಖಾಸಗಿಯವರ ಕೆಲಸ, ಬ್ರೇಷರನದೂ ಸೇರಿ. 1787ರ ಫ್ಯೂಜಿಯೋ ಸೆಂಟನ್ನು ಕೆಲವರು ಇದೇ ಗುಂಪಿಗೆ ಸೇರಿಸುತ್ತಾರೆ. ಅದು ಒಕ್ಕೂಟದ ಕಾಂಗ್ರೆಸ್ಸೇ ಮಾಡಿಸಿದ್ದು, ರಾಜ್ಯದ್ದಲ್ಲ. ಇಷ್ಟವಿದ್ದರೆ ಒಂದು ಇಟ್ಟುಕೊಳ್ಳಿ, ತಪ್ಪೇನಿಲ್ಲ.

ಎರಡನೇ ಹೆಜ್ಜೆ: ಒಂದು ರಾಜ್ಯ ಆರಿಸಿಕೊಳ್ಳಿ

ನಾಲ್ಕೂ ರಾಜ್ಯಗಳಿಗೆ ಒಟ್ಟಿಗೆ ಕೈ ಹಾಕಿದರೆ ಯಾವುದೂ ತಲೆಗೆ ಹತ್ತುವುದಿಲ್ಲ. ಒಂದೊಂದರ ಸ್ವಭಾವ ಬೇರೆ.

ಮ್ಯಾಸಚೂಸೆಟ್ಸ್ ಎಲ್ಲಕ್ಕಿಂತ ಶಿಸ್ತಿನದು. ರಾಜ್ಯ ತಾನೇ ಟಂಕಸಾಲೆ ನಡೆಸಿತು, ಜಾಶುವಾ ವಿದರ್ಲ್ ಎಂಬಾತ ಮೇಲ್ವಿಚಾರಕ. 1787 ಮತ್ತು 1788ರ ಸೆಂಟ್, ಅರ್ಧ ಸೆಂಟ್ ಮಾತ್ರ ಇವೆ. ಮುಂಬದಿಯಲ್ಲಿ ಬಿಲ್ಲು ಬಾಣ ಹಿಡಿದ ಮೂಲನಿವಾಸಿ, ಹಿಂಬದಿಯಲ್ಲಿ ಹದ್ದು. ‘ಸೆಂಟ್’ ಎಂಬ ಪದವನ್ನು ಮೈಮೇಲೆ ಬರೆಸಿಕೊಂಡ ಅಮೆರಿಕದ ಮೊದಲ ನಾಣ್ಯ ಇದೇ. ತೂಕ ಸರಿಯಾಗಿ ಇಟ್ಟರು, ಕೆಲಸ ಚೊಕ್ಕಟವಾಗಿ ಮಾಡಿದರು. ಖರ್ಚು ಮಾತ್ರ ನಾಣ್ಯದ ಬೆಲೆಗಿಂತ ಜಾಸ್ತಿ ಆಯಿತು, 1789ರ ಆರಂಭದಲ್ಲೇ ಬಾಗಿಲು ಹಾಕಿದರು. ಇಲ್ಲಿ ಮೊದಲು ಕಲಿಯಬೇಕಾದ ಗುರುತು ‘ಎಸ್’ ಅಕ್ಷರ. ಮೊದಲು ಅಚ್ಚು ಕೊರೆದ ಜೋಸೆಫ್ ಕ್ಯಾಲೆಂಡರ್‌ನ ‘ಎಸ್’ ಬಾಯಿ ತೆರೆದಿರುತ್ತದೆ. ಅಚ್ಚೊಂದಕ್ಕೆ 24 ಶಿಲ್ಲಿಂಗ್ ಕೇಳಿದ್ದಕ್ಕೆ ಅವನನ್ನು ಬಿಟ್ಟು, ಮಾಡಿದ ನಾಣ್ಯಗಳಲ್ಲಿ ನೂರಕ್ಕೆ ಒಂದು ಪಾಲಿನ ಕರಾರಿನ ಮೇಲೆ ಜೇಕಬ್ ಪರ್ಕಿನ್ಸ್‌ನನ್ನು ಹಿಡಿದರು. ಅವನ ‘ಎಸ್’ ಬಾಯಿ ಮುಚ್ಚಿಕೊಂಡು ಇಂಗ್ಲಿಷಿನ ಎಂಟರ ಅಂಕಿಯ ಹಾಗೆ ಕಾಣುತ್ತದೆ. ಅಂಚೆಚೀಟಿ ಕೂಡಿಸುವವರಿಗೆ ಈ ಪರ್ಕಿನ್ಸ್ ಹೆಸರು ಕೇಳಿ ಗೊತ್ತಿರಬೇಕು. ಮುಂದೆ ಇಂಗ್ಲೆಂಡಿಗೆ ಹೋಗಿ ಅವನು ಕಟ್ಟಿದ ಸಂಸ್ಥೆಯೇ 1840ರಲ್ಲಿ ಜಗತ್ತಿನ ಮೊದಲ ಅಂಚೆಚೀಟಿ ಪೆನ್ನಿ ಬ್ಲ್ಯಾಕ್ ಮುದ್ರಿಸಿದ್ದು.

ವರ್ಮಾಂಟ್ ಆಗ ರಾಜ್ಯವೇ ಆಗಿರಲಿಲ್ಲ. 1777ರಿಂದ ತಾನೇ ಒಂದು ಗಣರಾಜ್ಯ, ಒಕ್ಕೂಟಕ್ಕೆ ಸೇರಿದ್ದು 1791ರಲ್ಲಿ, ಹದಿನಾಲ್ಕನೆಯದಾಗಿ. ಆ ಆಸೆಯನ್ನು 1785ರಲ್ಲೇ ನಾಣ್ಯದ ಮೇಲೆ ಲ್ಯಾಟಿನ್ನಿನಲ್ಲಿ ಬರೆಸಿಕೊಂಡಿತು: ‘ಸ್ಟೆಲ್ಲಾ ಕ್ವಾರ್ಟಾ ಡೆಸಿಮಾ’, ಹದಿನಾಲ್ಕನೇ ನಕ್ಷತ್ರ. ಮುಂಬದಿಯಲ್ಲಿ ಹಸಿರು ಬೆಟ್ಟಗಳ ಹಿಂದೆ ಹುಟ್ಟುವ ಸೂರ್ಯ, ಕೆಳಗೆ ನೇಗಿಲು. ರೂಬೆನ್ ಹಾರ್ಮನ್ ಎಂಬಾತ ರೂಪರ್ಟ್ ಎಂಬ ಹಳ್ಳಿಯ ತೊರೆಯ ದಡದಲ್ಲಿ ಇವನ್ನು ಮಾಡಿದ. ಇಡೀ ಅಮೆರಿಕದ ನಾಣ್ಯಗಳಲ್ಲಿ ನನಗೆ ತುಂಬ ಇಷ್ಟವಾದ ಚಿತ್ರ ಇದು. ಆಮೇಲೆ ಇವರೂ ಎಲ್ಲರಂತೆ ಒಂದು ತಲೆ, ಒಂದು ಕೂತ ಹೆಂಗಸಿನ ಚಿತ್ರಕ್ಕೆ ಬಂದುಬಿಟ್ಟರು. ಒಟ್ಟು ನಲವತ್ತರ ಆಸುಪಾಸು ಬಗೆಗಳು. ಎಣಿಕೆ ಚಿಕ್ಕದು, ಆದರೆ ಬೆಟ್ಟ-ಸೂರ್ಯದ ನಾಣ್ಯ ಸವೆದಿದ್ದರೂ ದುಬಾರಿ.

ಕನೆಕ್ಟಿಕಟ್ ಅಂದರೆ ಸಾಗರ. 340ಕ್ಕೂ ಹೆಚ್ಚು ಅಚ್ಚುಜೋಡಿಗಳು, ಅಂದರೆ ಮುಂಬದಿ-ಹಿಂಬದಿ ಅಚ್ಚುಗಳ ಬೇರೆ ಬೇರೆ ಜೋಡಣೆಗಳು. 1785ರ ಅಕ್ಟೋಬರಿನಲ್ಲಿ ನಾಲ್ವರಿಗೆ ಅನುಮತಿ ಸಿಕ್ಕಿ ನ್ಯೂ ಹೇವನ್ನಿನಲ್ಲಿ ಕೆಲಸ ಶುರುವಾಯಿತು. ಬ್ರಿಟಿಷ್ ಅರ್ಧ ಪೆನ್ನಿಯ ರಾಜನ ತಲೆ ಮತ್ತು ಬ್ರಿಟಾನಿಯಾ (ಬ್ರಿಟನ್ನಿನ ಸಂಕೇತವಾದ ಕೂತ ಹೆಂಗಸು) ಚಿತ್ರವನ್ನೇ ಕೊಂಚ ಬದಲಿಸಿಕೊಂಡರು. ಜನರಿಗೆ ಪರಿಚಯದ ಮುಖ ಇದ್ದರೆ ಕಾಸು ಚಲಾವಣೆಯಾಗುತ್ತದೆ ಅಲ್ವಾ? ಬರಹ ಮಾತ್ರ ಬೇರೆ: ಮುಂದೆ ‘ಆಕ್ಟೋರಿ ಕನೆಕ್’, ಹಿಂದೆ ‘ಇಂಡೆ ಎಟ್ ಲಿಬ್’. ಕನೆಕ್ಟಿಕಟ್ಟಿನ ಅಧಿಕಾರದಿಂದ, ಸ್ವಾತಂತ್ರ್ಯ ಮತ್ತು ವಿಮೋಚನೆ. ಇಲ್ಲಿ ಅಚ್ಚಿನ ಕೆಲಸದಲ್ಲಿ ಇದ್ದವರಲ್ಲಿ ಏಬಲ್ ಬ್ಯೂಲ್ ಒಬ್ಬ. ಇಪ್ಪತ್ತರ ಹರೆಯದಲ್ಲಿ ನೋಟು ತಿದ್ದಿ ಸಿಕ್ಕಿಬಿದ್ದು, ಹಣೆಗೆ ಬರೆ ಹಾಕಿಸಿಕೊಂಡು, ಕಿವಿಯ ತುದಿ ಕತ್ತರಿಸಿಕೊಂಡವನು! 1784ರಲ್ಲಿ ಹೊಸ ದೇಶದ ಭೂಪಟವನ್ನು ಅಚ್ಚು ಹಾಕಿದವನೂ ಇವನೇ.

ಇನ್ನು ನ್ಯೂಜೆರ್ಸಿ. ಹೊಸಬರು ಇಲ್ಲಿಂದಲೇ ಶುರು ಮಾಡಲಿ ಅನ್ನುವುದು ನನ್ನ ಸಲಹೆ. ಬಗೆಗಳು 140ಕ್ಕೂ ಹೆಚ್ಚು. ಕನೆಕ್ಟಿಕಟ್ಟಿನಷ್ಟು ಗೋಜಲಿಲ್ಲ, ವರ್ಮಾಂಟಿನಷ್ಟು ದುಬಾರಿಯಲ್ಲ. ಚಿತ್ರ ಸ್ಪಷ್ಟ: ಒಂದು ಬದಿ ಕುದುರೆಯ ತಲೆ, ಕೆಳಗೆ ನೇಗಿಲು, ‘ನೋವಾ ಸಿಸೇರಿಯಾ’ (ನ್ಯೂಜೆರ್ಸಿಯ ಲ್ಯಾಟಿನ್ ಹೆಸರು) ಎಂಬ ಬರಹ. ಇನ್ನೊಂದು ಬದಿ ಗುರಾಣಿ ಮತ್ತು ‘ಇ ಪ್ಲೂರಿಬಸ್ ಯೂನಮ್’, ಹಲವರಿಂದ ಒಂದು. ಇವತ್ತು ಅಮೆರಿಕದ ಎಲ್ಲ ನಾಣ್ಯಗಳ ಮೇಲಿರುವ ಆ ಘೋಷಣೆ ಮೊದಲು ನಾಣ್ಯಕ್ಕೆ ಬಂದದ್ದು 1786ರ ಈ ಕಾಸಿನ ಮೇಲೆ ಎಂಬುದು ವಾಡಿಕೆಯ ಮಾತು. ಆ ವರ್ಷದ ಜೂನ್ 1ರ ಕಾನೂನು ವಾಲ್ಟರ್ ಮೋಲ್ಡ್, ಥಾಮಸ್ ಗೋಡ್ಸ್‌ಬಿ, ಆಲ್ಬಿಯನ್ ಕಾಕ್ಸ್ ಎಂಬ ಮೂವರಿಗೆ ಮೂವತ್ತು ಲಕ್ಷ ಕಾಸು ಮಾಡಲು ಅನುಮತಿ ಕೊಟ್ಟಿತು. ಹದಿನೈದು ಕಾಸಿಗೆ ಒಂದು ಶಿಲ್ಲಿಂಗ್. ಹತ್ತರಲ್ಲಿ ಒಂದು ಪಾಲು ರಾಜ್ಯಕ್ಕೆ. ಮೂವರೂ ಬೇಗ ಜಗಳ ಆಡಿಕೊಂಡರು. ಹಾಗಾಗಿ ಟಂಕಸಾಲೆಗಳು ರಾಹ್‌ವೇ, ಮೋರಿಸ್‌ಟೌನ್, ಎಲಿಜಬೆತ್‌ಟೌನ್ ಅಂತ ಹಂಚಿಹೋದವು. ಎಡಿಸನ್ ಕಡೆ ಇರುವ ಕನ್ನಡಿಗರಿಗೆ ಈ ರಾಹ್‌ವೇ ರೈಲಿನ ಒಂದು ನಿಲ್ದಾಣ. ಅದರ ಹೆಸರಿನ ಹಿಂದೆ ಇಂಥ ಕತೆ ಇದೆ ಎಂದು ತಿಳಿದರೆ ಖುಷಿಯಾದೀತು.

ಮೂರನೇ ಹೆಜ್ಜೆ: ಇಸವಿ ಬಿಡಿ, ಅಚ್ಚು ನೋಡಿ

ಈ ಹವ್ಯಾಸದ ಜೀವ ಇಲ್ಲಿದೆ. ನಿಧಾನವಾಗಿ ಓದಿ.

ಆಗ ಅಚ್ಚುಗಳನ್ನು ಕೈಯಿಂದಲೇ ತಯಾರಿಸುತ್ತಿದ್ದರು. ಒಂದೊಂದು ಅಕ್ಷರಕ್ಕೂ ಒಂದು ಉಕ್ಕಿನ ಮೊಳೆ. ಅದನ್ನು ಅಚ್ಚಿನ ಮೇಲಿಟ್ಟು ಸುತ್ತಿಗೆಯಿಂದ ಹೊಡೆಯುವುದು. ಹೀಗಾಗಿ ಎರಡು ಅಚ್ಚು ಒಂದೇ ರೀತಿ ಇರುವುದು ಸಾಧ್ಯವೇ ಇಲ್ಲ. ಒಂದರಲ್ಲಿ ‘ಎ’ ಕುದುರೆಯ ಕಿವಿಗೆ ಹತ್ತಿರ, ಇನ್ನೊಂದರಲ್ಲಿ ದೂರ. ಒಂದು ಮುಂಬದಿ ಅಚ್ಚು ಸೀಳಿದರೆ ಅದನ್ನು ತೆಗೆದು ಬೇರೆ ಹಾಕುತ್ತಿದ್ದರು, ಹಿಂಬದಿಯದ್ದು ಅದೇ ಉಳಿಯುತ್ತಿತ್ತು. ಹೀಗೆ ಹುಟ್ಟುವ ಒಂದೊಂದು ಜೋಡಿಯೂ ಸಂಗ್ರಹಕಾರನ ಲೆಕ್ಕದಲ್ಲಿ ಒಂದೊಂದು ಬಗೆ. ಟಿಪ್ಪು ಕಾಲದ ಆನೆ ಪೈಸೆ ಕೂಡಿಸುವ ನಮ್ಮವರಿಗೆ ಈ ಮನಸ್ಥಿತಿ ಹೊಸದೇನಲ್ಲ. ಆನೆ ಎಡಕ್ಕೆ ನೋಡುತ್ತದೋ ಬಲಕ್ಕೋ, ಹಿಂಬದಿಯಲ್ಲಿ ಯಾವ ಟಂಕಸಾಲೆಯ ಹೆಸರಿದೆ ಅಂತ ಹುಡುಕುವ ಕಣ್ಣೇ ಇಲ್ಲೂ ಬೇಕು. ಅದೂ ಇದೂ ಒಂದೇ ದಶಕದ ತಾಮ್ರ.

ಈ ಜೋಡಿಗಳಿಗೆ ಹೆಸರಿಡುವ ಪದ್ಧತಿ ನೂರು ವರ್ಷಕ್ಕಿಂತ ಹಳೆಯದು. ನ್ಯೂಜೆರ್ಸಿಗೆ ಡಾಕ್ಟರ್ ಎಡ್ವರ್ಡ್ ಮ್ಯಾರಿಸ್ 1881ರಲ್ಲಿ ಕೊಟ್ಟ ಸಂಖ್ಯೆಗಳು. ಕನೆಕ್ಟಿಕಟ್ಟಿಗೆ 1920ರಲ್ಲಿ ಪ್ರಕಟವಾದ ಮಿಲ್ಲರ್ ಸಂಖ್ಯೆಗಳು, ವರ್ಮಾಂಟ್ ಮತ್ತು ಮ್ಯಾಸಚೂಸೆಟ್ಸಿಗೆ ರೈಡರ್ ಸಂಖ್ಯೆಗಳು. ‘ಮ್ಯಾರಿಸ್ 56-ಎನ್’ ಅಂದರೆ ಮುಂಬದಿ 56ನೇ ಅಚ್ಚು, ಹಿಂಬದಿ ‘ಎನ್’ ಅಚ್ಚು. ಅಂಕಿ ಮುಂದಕ್ಕೆ, ಅಕ್ಷರ ಹಿಂದಕ್ಕೆ. ಇಷ್ಟು ತಿಳಿದರೆ ಹರಾಜಿನ ಪಟ್ಟಿ ಓದಲು ಬರುತ್ತದೆ.

ಈಗ ಕೈಯಲ್ಲೊಂದು ನ್ಯೂಜೆರ್ಸಿ ಕಾಸಿದೆ ಎಂದುಕೊಳ್ಳಿ. ಗುರುತಿಸುವುದು ಹೀಗೆ.

ಇಸವಿ ನೋಡಿ: 1786, 1787 ಅಥವಾ 1788. ಕುದುರೆ ಬಲಕ್ಕೆ ನೋಡುತ್ತಿದೆಯೇ? ಸಾಮಾನ್ಯವಾಗಿ ಹೌದು. ಎಡಕ್ಕೆ ನೋಡುತ್ತಿದ್ದರೆ ಅದು 1788ರ ಬೆರಳೆಣಿಕೆಯ ಅಚ್ಚುಗಳಲ್ಲಿ ಒಂದು, ಆಗಲೇ ನಿಮ್ಮ ಕೆಲಸ ಮುಕ್ಕಾಲು ಮುಗಿಯಿತು. ಆಮೇಲೆ ನೇಗಿಲಿಗೆ ಬನ್ನಿ. ಗುಳದ ಮುಂದೆ ನೆಲ ಸೀಳಲು ಇಳಿಬಿಟ್ಟ ಕತ್ತಿಯಂಥ ಭಾಗ ಇದೆಯೋ ಇಲ್ಲವೋ? 1786ರ ಕೆಲವು ಅಚ್ಚುಗಳಲ್ಲಿ ಅದಿಲ್ಲ. ಮೇಳಿಯ ತುದಿಯಲ್ಲಿ ಗುಂಡು ಇದೆಯೇ? ಇಸವಿ ನೇಗಿಲಿನ ಈಸಿನ ಕೆಳಗೇ ಬಂದಿದೆಯೇ? ಬಂದಿದ್ದರೆ ಕುರ್ಚಿ ಹಿಡಿದು ಕೂತುಕೊಳ್ಳಿ, ಅದು 1786ರ ಬಹಳ ಅಪರೂಪದ ನಾಣ್ಯ. ಅಥವಾ ಹೆಚ್ಚಾಗಿ ಅದರ ನಕಲು.

ನಂತರ ಹಿಂಬದಿ. ‘ಪ್ಲೂರಿಬಸ್’ ಬರೆಯುವಾಗ ‘ಯು’ ಅಕ್ಷರ ನುಂಗಿದ ಅಚ್ಚುಗಳು 1787ರಲ್ಲಿವೆ. ಗುರಾಣಿಯ ಪಕ್ಕ ಎಲೆಕೊಂಬೆಗಳಿವೆಯೇ, ಬರಹದ ಹತ್ತಿರ ಓಡುವ ಪುಟ್ಟ ನರಿಯ ಚಿತ್ರವಿದೆಯೇ ನೋಡಿ. ಆ ನರಿ 1788ರ ಕೆಲವು ಅಚ್ಚುಗಳಲ್ಲಿ ಮಾತ್ರ ಕಾಣಿಸುತ್ತದೆ. ಇಷ್ಟರಲ್ಲಿ ನಿಮ್ಮ ನಾಣ್ಯ 140ರಿಂದ ಹತ್ತಕ್ಕೆ ಇಳಿದಿರುತ್ತದೆ. ಉಳಿದದ್ದು ಅಕ್ಷರಗಳ ಸ್ಥಾನ. ಕಿವಿಯ ತುದಿ ಯಾವ ಅಕ್ಷರಕ್ಕೆ ಗುರಿಯಿಟ್ಟಿದೆ, ಮೇಳಿ ಯಾವ ಅಕ್ಷರಕ್ಕೆ ತಾಗುತ್ತದೆ ಎಂದು ಫೋಟೊಗಳ ಜೊತೆ ಇಟ್ಟು ನೋಡುವುದು. ಸವೆದ ನಾಣ್ಯದಲ್ಲಿ ಅರ್ಧ ಗುರುತುಗಳು ಕಾಣುವುದಿಲ್ಲ. ಕಂಡ ಮೂರು ಗುರುತು ಕೂಡಿಬಂದರೂ ಕಾಣುವ ಒಂದು ಕೂಡದಿದ್ದರೆ ಅದು ಆ ಬಗೆಯಲ್ಲ. ‘ಇರಬಹುದು’ ಅನ್ನಿಸಿದ್ದನ್ನು ‘ಹೌದು’ ಮಾಡಿಕೊಳ್ಳುವ ಆಸೆ ಎಲ್ಲರಿಗೂ ಬರುತ್ತದೆ. ಅದನ್ನು ಅಲ್ಲೇ ಚಿವುಟಿ.

ಕೆಲವು ಬಗೆಗಳಿಗೆ ಸಂಗ್ರಹಕಾರರು ಪ್ರೀತಿಯಿಂದ ಅಡ್ಡಹೆಸರು ಇಟ್ಟಿದ್ದಾರೆ. ನ್ಯೂಜೆರ್ಸಿಯಲ್ಲಿ ಒಂಟೆ ತಲೆ, ಹಾವಿನ ತಲೆ. ಕನೆಕ್ಟಿಕಟ್ಟಿನಲ್ಲಿ ನಗುವ ತಲೆ, ಕುರಿ ತಲೆ, ಹರ್ಕ್ಯುಲಿಸ್ ತಲೆ, ಕೊಂಬಿನ ತಲೆ. ಆ ಕೊಂಬು ಕೆತ್ತಿದ್ದಲ್ಲ, ಅಚ್ಚು ಸೀಳಿ ಲೋಹ ತುಂಬಿಕೊಂಡ ಗೆರೆ. ಮಿಲ್ಲರ್ 4-ಎಲ್ ಎಂಬ ಆ ಜೋಡಿ ಕನೆಕ್ಟಿಕಟ್ಟಿನಲ್ಲೇ ಹೆಚ್ಚು ಸಿಗುವವುಗಳಲ್ಲಿ ಒಂದು, ಹೊಸಬರಿಗೆ ಹೇಳಿ ಮಾಡಿಸಿದ್ದು. ಒಂದೇ ಅಚ್ಚಿನ ನಾಲ್ಕಾರು ನಾಣ್ಯ ಸಾಲಾಗಿ ಇಟ್ಟರೆ ಕೊಂಬು ಬೆಳೆಯುತ್ತಾ ಹೋಗುವುದು ಕಾಣುತ್ತದೆ. ಕನೆಕ್ಟಿಕಟ್ಟಿನ ಕಾಗುಣಿತದ ತಪ್ಪುಗಳೂ ಒಂದು ಬೇರೆಯೇ ಸಂಗ್ರಹ. ‘ಆಕ್ಟೋರಿ’ ಹೋಗಿ ‘ಆಕ್ಟೋಪಿ’, ‘ಆಕ್ಟೋಬಿ’. ‘ಲಿಬ್’ ಹೋಗಿ ‘ಲಿರ್’. ‘ಇಂಡೆ’ ಹೋಗಿ ‘ಎಫ್‌ಎನ್‌ಡಿಇ’. ಆತುರದ ಕೆಲಸ ನೋಡಿ.

ಹಳೆ ಮೈ ಮೇಲೆ ಹೊಸ ಚಿತ್ರ

ನ್ಯೂಜೆರ್ಸಿಯ ಒಂಟೆ ತಲೆಯನ್ನು ಸರಿಯಾದ ಬೆಳಕಿನಲ್ಲಿ ಓರೆಯಾಗಿ ಹಿಡಿದರೆ ಕುದುರೆಯ ಕುತ್ತಿಗೆಯ ಕೆಳಗೆ ಬೇರೊಂದು ಮುಖ, ಬೇರೊಂದು ಬರಹ ಇಣುಕುವುದುಂಟು. ಅದು ಕನೆಕ್ಟಿಕಟ್, ವರ್ಮಾಂಟ್ ಅಥವಾ ಬ್ರಿಟಿಷ್ ಕಾಸು. ಅದರ ಮೇಲೇ ಮತ್ತೆ ಒತ್ತಿದ್ದಾರೆ.

ಕಾರಣ ಲಾಭ. ನ್ಯೂಜೆರ್ಸಿ ತನ್ನ ಕಾಸನ್ನು ಹದಿನೈದಕ್ಕೊಂದು ಶಿಲ್ಲಿಂಗಿನಂತೆ ತೆರಿಗೆಗೂ ತೆಗೆದುಕೊಳ್ಳುತ್ತಿತ್ತು. ಹೊರಗಿನ ಕಾಸುಗಳು ಅಗ್ಗವಾಗಿದ್ದವು. ಅವನ್ನು ಕೊಂಡು, ಕರಗಿಸುವ ಖರ್ಚೂ ಇಲ್ಲದೆ, ಮೇಲೊಂದು ಕುದುರೆ ಒತ್ತಿದರೆ ಬೆಲೆ ಏರುತ್ತದೆ. ಇಂಥ ನಾಣ್ಯ ಕೊಳ್ಳುವಾಗ ಒಳಗಿನ ನಾಣ್ಯದ ಅಚ್ಚುಜೋಡಿಯನ್ನೂ ಗುರುತಿಸಲು ನೋಡಿ. ಎರಡೂ ಗುರುತು ಸಿಕ್ಕಿದ ನಾಣ್ಯಕ್ಕೆ ಬೆಲೆ ಬೇರೆಯೇ. ಯಾವ ಟಂಕಸಾಲೆ ಯಾವಾಗ ಕೆಲಸ ಮಾಡಿತು ಎಂದು ವಿದ್ವಾಂಸರು ಲೆಕ್ಕ ಹಾಕುವುದಕ್ಕೂ ಇದೇ ಒಳ್ಳೆ ಸಾಕ್ಷಿ. ಮೇಲಿನದು ಕೆಳಗಿನದಕ್ಕಿಂತ ಮೊದಲು ಹುಟ್ಟಿರಲು ಸಾಧ್ಯವಿಲ್ಲವಲ್ಲ.

ನಾಲ್ಕನೇ ಹೆಜ್ಜೆ: ‘ಅಪರೂಪ’ವನ್ನು ಅಂಕಿಯಲ್ಲಿ ಓದಿ

ಮಾರುವವರೆಲ್ಲ ‘ಅಪರೂಪ’ ಅನ್ನುತ್ತಾರೆ. ನೀವು ಕೇಳಬೇಕಾದದ್ದು ‘ಆರ್ ಎಷ್ಟು?’ ಎಂದು. ಅಪರೂಪವನ್ನು ಅಳೆಯುವ ಶೆಲ್ಡನ್ ಅಳತೆಯಲ್ಲಿ ಆರ್-1 ಅಂದರೆ 1250ಕ್ಕೂ ಹೆಚ್ಚು ಉಳಿದಿವೆ. ಆರ್-4 ಅಂದರೆ 76ರಿಂದ 200. ಆರ್-5 ಅಂದರೆ 31ರಿಂದ 75. ಆರ್-6ಕ್ಕೆ 13ರಿಂದ 30, ಆರ್-7ಕ್ಕೆ 4ರಿಂದ 12, ಆರ್-8 ಅಂದರೆ ಹೆಚ್ಚೆಂದರೆ ಮೂರು.

ಈಗ ಮುಖ್ಯ ಮಾತು. ಈ ಅಂಕಿಗೂ ಬೆಲೆಗೂ ನೇರ ಸಂಬಂಧ ಇಲ್ಲ. ಕನೆಕ್ಟಿಕಟ್ಟಿನಲ್ಲಿ ಆರ್-5 ಬಗೆಗಳು ರಾಶಿ ಇವೆ. ಆದರೆ 340 ಬಗೆ ಪೂರ್ತಿ ಮಾಡಲು ಹೊರಟವರು ಕೆಲವೇ ಜನ. ಬೇಡಿಕೆ ಇಲ್ಲದ ಕಡೆ ಅಪರೂಪಕ್ಕೂ ಬೆಲೆ ಏರದು. ಹಾಗಾಗಿ ಐವತ್ತೇ ಉಳಿದಿರುವ ಜೋಡಿಯೊಂದು ಸಾವಿರಾರು ಉಳಿದಿರುವ ಜೋಡಿಗಿಂತ ಸ್ವಲ್ಪವೇ ದುಬಾರಿ ಇರುವುದು ಇಲ್ಲಿ ಮಾಮೂಲು. ಇದಕ್ಕೆ ತದ್ವಿರುದ್ಧ ವರ್ಮಾಂಟಿನ ಬೆಟ್ಟ-ಸೂರ್ಯ. ಅದರ ಕೆಲವು ಬಗೆಗಳು ಅಷ್ಟೇನೂ ಅಪರೂಪವಲ್ಲ, ಆದರೂ ಎಲ್ಲರಿಗೂ ಒಂದು ಬೇಕು. ಬೆಲೆ ಅಲ್ಲಿ ಅಂದಕ್ಕೆ. ನಿಮ್ಮ ಜೇಬು ಚಿಕ್ಕದಿದ್ದು ಕಣ್ಣು ಚುರುಕಿದ್ದರೆ ಕನೆಕ್ಟಿಕಟ್ ನಿಮ್ಮದು.

ಐದನೇ ಹೆಜ್ಜೆ: ತೂಕದ ತಕ್ಕಡಿ, ಭೂತಗನ್ನಡಿ

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, 0.01 ಗ್ರಾಂ ತನಕ ತೂಗುವ ಪುಟ್ಟ ಡಿಜಿಟಲ್ ತಕ್ಕಡಿ, ಅಳತೆಗೆ ಕ್ಯಾಲಿಪರ್. ಇಷ್ಟು ಸಾಕು.

ಕಾನೂನು ಹೇಳಿದ ತೂಕಗಳು ಬೇರೆ ಬೇರೆ. ಮ್ಯಾಸಚೂಸೆಟ್ಸ್ ಸೆಂಟ್ 157.5 ಗ್ರೇನ್, ಅಂದರೆ ಸುಮಾರು 10.2 ಗ್ರಾಂ. ನ್ಯೂಜೆರ್ಸಿ 150 ಗ್ರೇನ್, 9.72 ಗ್ರಾಂ. ಕನೆಕ್ಟಿಕಟ್ 144 ಗ್ರೇನ್, 9.33 ಗ್ರಾಂ. ವರ್ಮಾಂಟ್ ಮೊದಲು 160 ಗ್ರೇನ್ ಎಂದು ಬರೆದು, ಕೆಲವೇ ತಿಂಗಳಲ್ಲಿ 111ಕ್ಕೆ ಇಳಿಸಿತು, ಅಂದರೆ 7.19 ಗ್ರಾಂ. ಮ್ಯಾಸಚೂಸೆಟ್ಸ್ ಬಿಟ್ಟು ಬೇರೆಯವರು ಈ ಲೆಕ್ಕಕ್ಕೆ ಅಂಟಿಕೊಳ್ಳಲಿಲ್ಲ. ಕನೆಕ್ಟಿಕಟ್ ಕಾಸು ಏಳೂವರೆ ಗ್ರಾಂ ತೂಗಿದರೆ ಗಾಬರಿ ಬೇಡ. ತೂಕ ಒಂದು ಸುಳಿವು, ತೀರ್ಪಲ್ಲ.

ನಕಲಿಗಳ ಮನೆತನ

ನಕಲಿಗಳಲ್ಲಿ ಮೂರು ತಲೆಮಾರು.

ಮೊದಲನೆಯದು ಆ ಕಾಲದ್ದೇ. ನ್ಯೂಯಾರ್ಕಿನ ನ್ಯೂಬರ್ಗ್ ಹತ್ತಿರ ಥಾಮಸ್ ಮೇಚಿನ್ ಎಂಬಾತನ ಗಿರಣಿಯಲ್ಲಿ ಬ್ರಿಟಿಷ್ ಅರ್ಧ ಪೆನ್ನಿಯ ನಕಲುಗಳನ್ನು ಮಾಡುತ್ತಿದ್ದರು. ಹಳೆ ಇಸವಿ ಹಾಕುತ್ತಿದ್ದರು, ಅಚ್ಚನ್ನು ಬೇಕಂತಲೇ ಮಸುಕಾಗಿ ಕೊರೆಯುತ್ತಿದ್ದರು, ಸವೆದ ಹಳೆ ಕಾಸಿನಂತೆ ಕಾಣಲಿ ಅಂತ. ವರ್ಮಾಂಟ್, ಕನೆಕ್ಟಿಕಟ್ ಹೆಸರಿನ ಕೆಲವು ನಾಣ್ಯಗಳೂ ಅಲ್ಲಿಂದಲೇ ಬಂದವು. ವರ್ಮಾಂಟಿನ ರೈಡರ್-13 ನೋಡಿ. ಮುಂದೆ ವರ್ಮಾಂಟ್ ಹೆಸರು, ಹಿಂದೆ ಬ್ರಿಟಾನಿಯಾ. ಆ ಹಿಂಬದಿ ಎಷ್ಟೇ ಒಳ್ಳೆ ಸ್ಥಿತಿಯ ನಾಣ್ಯದಲ್ಲೂ ಮಸುಕೇ. ಅದನ್ನು ಸವೆತ ಎಂದು ತಿಳಿದು ಬೆಲೆ ಕಡಿಮೆ ಕೇಳಿದರೆ ಮಾರುವವರು ನಗುತ್ತಾರೆ. ಈ ತಲೆಮಾರಿನ ನಕಲಿಗಳನ್ನು ಇವತ್ತು ಅಸಲಿಯಷ್ಟೇ ಆಸೆಯಿಂದ ಕೊಳ್ಳುತ್ತಾರೆ.

ಎರಡನೆಯದು 19ನೇ ಶತಮಾನದ್ದು. ಆಗ ಸಂಗ್ರಹಕಾರರಿಗೆಂದೇ ಮಾಡಿದ ಪ್ರತಿಗಳು ಬಂದವು. ಇವುಗಳಲ್ಲಿ ಹುಷಾರಾಗಿರಬೇಕಾದದ್ದು ಎಲೆಕ್ಟ್ರೋಟೈಪ್. ಅಸಲಿ ನಾಣ್ಯದ ಎರಡು ಬದಿಗಳ ಅಚ್ಚು ತೆಗೆದು, ವಿದ್ಯುತ್ತಿನಿಂದ ತೆಳ್ಳಗಿನ ತಾಮ್ರದ ಚಿಪ್ಪು ಬೆಳೆಸಿ, ನಡುವೆ ಸೀಸ ತುಂಬಿ ಎರಡನ್ನೂ ಕೂಡಿಸುತ್ತಾರೆ. ಮುಖ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಅಂಚನ್ನು ನೋಡಿ, ಸುತ್ತಲೂ ಒಂದು ಬೆಸುಗೆಯ ಗೆರೆ ಇರುತ್ತದೆ. ಸೀಸ ತಾಮ್ರಕ್ಕಿಂತ ಭಾರ, ಹಾಗಾಗಿ ನೀರಿನಲ್ಲಿ ತೂಗಿ ಸಾಂದ್ರತೆ ಲೆಕ್ಕ ಹಾಕಿದರೂ ಬಯಲಾಗುತ್ತದೆ. ತಾಮ್ರಕ್ಕೆ 8.9 ಬರಬೇಕು.

ಮೂರನೆಯದು ಈ ಕಾಲದ್ದು. ಎರಕ ಹೊಯ್ದ ಅಗ್ಗದ ಸ್ಮರಣಿಕೆಗಳನ್ನು ಗುರುತಿಸುವುದು ಸುಲಭ: ಮೈಯೆಲ್ಲ ಸೋಪಿನಂತೆ ನುಣ್ಣಗೆ, ಸಣ್ಣ ಗುಳ್ಳೆಗಳ ಗುರುತು. 1973ರ ಕಾನೂನಿನ ನಂತರ ಅಮೆರಿಕದಲ್ಲಿ ಇಂಥವುಗಳ ಮೇಲೆ ‘ಕಾಪಿ’ ಎಂದು ಒತ್ತುವುದು ಕಡ್ಡಾಯ. ಅದಕ್ಕಿಂತ ಹಳೆಯವಕ್ಕೆ ಆ ಗುರುತಿಲ್ಲ. ಕೆಲವರು ಆ ಪದವನ್ನು ಉಜ್ಜಿ ಅಳಿಸುವುದೂ ಉಂಟು. ನಿಜವಾಗಿ ಅಪಾಯಕಾರಿ ಅಂದರೆ ಅಸಲಿ ನಾಣ್ಯದಿಂದ ಅಚ್ಚು ತೆಗೆದು ಯಂತ್ರದಲ್ಲಿ ಒತ್ತಿದ ಇತ್ತೀಚಿನ ನಕಲಿಗಳು. ಇವುಗಳ ಬೆನ್ನು ಹತ್ತಲು ಒಂದೇ ಉಪಾಯ: ಗಾಯಗಳನ್ನು ಹೋಲಿಸಿ. ಮೂಲ ನಾಣ್ಯದ ಗೀರು, ಕುಳಿ ಎಲ್ಲ ಪ್ರತಿ ನಕಲಿಗೂ ಇಳಿದಿರುತ್ತದೆ. ಒಂದೇ ಜಾಗದಲ್ಲಿ ಒಂದೇ ಗೀರು ಇರುವ ಎರಡು ನಾಣ್ಯ ಕಂಡರೆ ಕನಿಷ್ಠ ಒಂದಂತೂ ನಕಲಿ. ಬಹುಶಃ ಎರಡೂ.

ಪಿಸಿಜಿಎಸ್, ಎನ್‌ಜಿಸಿ ಎಂಬ ಎರಡು ಕಂಪನಿಗಳು ನಾಣ್ಯ ಪರೀಕ್ಷಿಸಿ, 1ರಿಂದ 70ರ ನಡುವೆ ದರ್ಜೆ ಕೊಟ್ಟು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಕೊಡುತ್ತವೆ. ಐನೂರು ಡಾಲರಿಗಿಂತ ಮೇಲಿನ ಖರೀದಿಗೆ ಮೊದಮೊದಲು ಅಂಥ ಡಬ್ಬಿಯ ನಾಣ್ಯವನ್ನೇ ಹುಡುಕಿ. ಡಬ್ಬಿಯ ಸಂಖ್ಯೆಯನ್ನು ಕಂಪನಿಯ ಜಾಲತಾಣದಲ್ಲಿ ಹಾಕಿ ಫೋಟೊ ಕೂಡುತ್ತದೋ ನೋಡಿ. ಡಬ್ಬಿಗಳನ್ನೂ ನಕಲು ಮಾಡುವ ಕಾಲ ಇದು.

ಸ್ಥಿತಿಗೆ ಬೆಲೆ ಕಟ್ಟುವುದು

ಇವು ಕಾರ್ಖಾನೆಯ ಹೊಳೆಯುವ ಮಾಲಲ್ಲ. ಬಿಲ್ಲೆಯೇ ಕೆಟ್ಟದಾಗಿ ಹುಟ್ಟಿರುತ್ತದೆ: ಬಿರುಕು, ಪದರ ಎದ್ದ ಮೈ, ಕಚ್ಚಿದಂತಿರುವ ಅಂಚು. ಚಿತ್ರ ನಡುವೆ ಕೂತಿರುವುದಿಲ್ಲ, ಇಸವಿ ಅಂಚಿನಿಂದ ಜಾರಿಹೋಗಿರುತ್ತದೆ. ನನ್ನ ಆದ್ಯತೆ ಹೀಗೆ: ಮೈ ನಯವಾಗಿರಬೇಕು, ಬಣ್ಣ ಕಂದು ಒಂದೇ ಸಮ ಇರಬೇಕು, ಇಸವಿ ಓದಬರಬೇಕು. ಸವೆತ ಎಷ್ಟಿದ್ದರೂ ಸರಿ. ಮಣ್ಣಿನಿಂದ ತೆಗೆದ ನಾಣ್ಯಗಳಲ್ಲಿ ಚಿತ್ರ ಚೂಪಾಗಿದ್ದರೂ ಮೈ ತೂತು ತೂತಾಗಿ ಒರಟಾಗಿರುತ್ತದೆ. ಲೋಹಶೋಧಕ ಹಿಡಿದು ಹೊಲ ಸುತ್ತುವವರು ಅಲ್ಲಿ ಬಹಳ, ಅಂಥ ನಾಣ್ಯ ಸಾಕಷ್ಟು ಬರುತ್ತವೆ. ಆರ್-7 ಆದರೆ ಅದನ್ನೂ ಕೊಳ್ಳಿ. ಆರ್-2 ಆದರೆ ಬೇಡ, ಒಳ್ಳೆಯದು ಮತ್ತೆ ಬರುತ್ತದೆ.

ಎಲ್ಲಿ ಕೊಳ್ಳುವುದು?

ಕೊಳ್ಳುವ ಮೊದಲು ಕೆಲವು ತಿಂಗಳು ಸುಮ್ನೆ ಓದಿ. ವಾಷಿಂಗ್ಟನ್ ಯೂನಿವರ್ಸಿಟಿ ಸೇಂಟ್ ಲೂಯಿಸ್‌ನ ನ್ಯೂಮನ್ ನ್ಯೂಮಿಸ್ಮ್ಯಾಟಿಕ್ ಪೋರ್ಟಲಿನಲ್ಲಿ ಹಳೆ ಹರಾಜು ಪಟ್ಟಿಗಳು ಪುಕ್ಕಟೆ ಸಿಗುತ್ತವೆ. ನೋಟರ್ ಡೇಮ್ ವಿಶ್ವವಿದ್ಯಾಲಯದ ವಸಾಹತು ನಾಣ್ಯಗಳ ಜಾಲತಾಣ ಹಳೆಯದಾದರೂ ಹೊಸಬರಿಗೆ ಅದಕ್ಕಿಂತ ಒಳ್ಳೆ ಪಾಠ ಇಲ್ಲ. ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿ ತನ್ನ ಸಂಗ್ರಹದ ಫೋಟೊಗಳನ್ನು ಅಂತರಜಾಲದಲ್ಲಿ ಇಟ್ಟಿದೆ. ‘ಸಿ4’ ಎಂದು ಎಲ್ಲರೂ ಕರೆಯುವ ಕಲೋನಿಯಲ್ ಕಾಯಿನ್ ಕಲೆಕ್ಟರ್ಸ್ ಕ್ಲಬ್ಬಿಗೆ ಸದಸ್ಯರಾಗಿ. ಅಲ್ಲಿನ ಹಿರಿಯರು ಒಂದು ಮಸುಕು ಫೋಟೊ ನೋಡಿ ಮಿಲ್ಲರ್ ಸಂಖ್ಯೆ ಹೇಳುವುದನ್ನು ನೋಡಿದರೆ ಬೆರಗಾಗುತ್ತದೆ.

ದೊಡ್ಡ ಹರಾಜು ಮನೆಗಳು ಸ್ಟ್ಯಾಕ್ಸ್ ಬೋವರ್ಸ್ ಮತ್ತು ಹೆರಿಟೇಜ್. ಕೂಗಿನ ಬೆಲೆಯ ಮೇಲೆ ಖರೀದಿದಾರರ ಶುಲ್ಕ ಶೇಕಡ 20 ಅಥವಾ ಅದಕ್ಕೂ ಮೇಲೆ ಬೀಳುತ್ತದೆ. 300 ಡಾಲರ್ ಎಂದು ಕೂಗಿದರೆ ಕೈ ಬಿಡುವುದು ಕನಿಷ್ಠ 360. ಅದನ್ನು ಸೇರಿಸಿಕೊಂಡೇ ನಿಮ್ಮ ಮಿತಿ ಮೊದಲೇ ಬರೆದಿಟ್ಟುಕೊಳ್ಳಿ.

ಬೇಟೆಯ ಮಜಾ ಇರುವುದು ಇ-ಬೇ ಮತ್ತು ಊರಿನ ನಾಣ್ಯ ಮೇಳಗಳಲ್ಲಿ. ಅಲ್ಲಿ ‘1787 ಕನೆಕ್ಟಿಕಟ್’ ಎಂದಷ್ಟೇ ಬರೆದು ಮಾರುತ್ತಾರೆ, ಸಂಖ್ಯೆ ಹಾಕಿರುವುದಿಲ್ಲ. ಸಂಖ್ಯೆ ಹುಡುಕುವುದು ನಿಮ್ಮ ಕೆಲಸ, ಲಾಭವೂ ನಿಮ್ಮದು. ಎಲ್ಲ ಬಗೆಗಳನ್ನೂ ಬಾಯಿಪಾಠ ಮಾಡಬೇಕಿಲ್ಲ. ನಿಮ್ಮ ರಾಜ್ಯದ ಅಪರೂಪದ ಹತ್ತು ಹದಿನೈದು ಜೋಡಿಗಳ ಒಂದೊಂದು ಎದ್ದು ಕಾಣುವ ಗುರುತನ್ನು ಫೋನಿನಲ್ಲಿ ಇಟ್ಟುಕೊಳ್ಳಿ. ಮರಳಿಸುವ ಅವಕಾಶ ಇಲ್ಲದ ಕಡೆ, ಅಂಚಿನ ಫೋಟೊ ಕೊಡದ ಕಡೆ ಕೊಳ್ಳಬೇಡಿ.

ನಾಣ್ಯದ ಜೊತೆ ಹಳೆ ಸಂಗ್ರಹದ ಚೀಟಿ ಬಂದರೆ ಎಸೆಯಬೇಡಿ. ಗ್ಯಾರೆಟ್, ಫೋರ್ಡ್, ನ್ಯೂಮನ್ ಮುಂತಾದ ಹೆಸರಾಂತ ಸಂಗ್ರಹಗಳಿಂದ ಬಂದ ನಾಣ್ಯಕ್ಕೆ ಜನ ಹೆಚ್ಚು ಕೊಡುತ್ತಾರೆ. ಹಳೆ ಪಟ್ಟಿಯಲ್ಲಿ ಫೋಟೊ ಇರುವ ನಾಣ್ಯ ಅಸಲಿ ಅನ್ನುವುದಕ್ಕೂ ಅದು ಪುರಾವೆ.

ತೊಳೆಯಬೇಡಿ, ದಯವಿಟ್ಟು

ತಾಮ್ರ ಕಂಡರೆ ನಮ್ಮ ಕೈ ಹುಣಸೆಹಣ್ಣಿನ ಕಡೆ ಹೋಗುತ್ತದೆ. ಇಲ್ಲಿ ಅದು ಅಪರಾಧ. ಹುಳಿ ತಾಗಿದ ತಾಮ್ರ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಇನ್ನೂರು ವರ್ಷದ ಕಂದು ಮೈ ಎರಡು ನಿಮಿಷದಲ್ಲಿ ಹೋಗುತ್ತದೆ, ಬೆಲೆಯೂ ಅದರ ಜೊತೆಗೇ. ಪಿತಾಂಬರಿ, ಲೋಹ ಉಜ್ಜುವ ಪಾಲಿಶ್, ಟೂತ್‌ಪೇಸ್ಟ್ ಯಾವುದೂ ಬೇಡ. ಜಿಡ್ಡು ತೆಗೆಯಲು ಶುದ್ಧ ಅಸಿಟೋನಿನಲ್ಲಿ ನೆನೆಸಿ ಎತ್ತಬಹುದು, ಉಜ್ಜದೆ. ಕಿಟಕಿ ತೆರೆದು, ಬೆಂಕಿಯಿಂದ ದೂರ ಮಾಡಿ. ಉಗುರಿನ ಬಣ್ಣ ತೆಗೆಯುವ ದ್ರವದಲ್ಲಿ ಬೇರೆ ಏನೇನೋ ಬೆರೆಸಿರುತ್ತಾರೆ, ಅದು ಆಗದು.

ಇಡುವುದಕ್ಕೆ ಮೆತ್ತನೆಯ ಪಿವಿಸಿ ಲಕೋಟೆ ಬಳಸಬೇಡಿ, ಅದು ಕ್ರಮೇಣ ಹಸಿರು ಅಂಟು ಬಿಡುತ್ತದೆ. ಹಳಬರು ಹತ್ತಿ ಬಟ್ಟೆಯ ಪುಟ್ಟ ಚೀಲದಲ್ಲಿ ನಾಣ್ಯ ಹಾಕಿ, ಆಮ್ಲ ಇಲ್ಲದ ಕಾಗದದ ಲಕೋಟೆಯಲ್ಲಿ ಇಡುತ್ತಾರೆ. ಲಕೋಟೆಯ ಮೇಲೆ ಬಗೆಯ ಸಂಖ್ಯೆ, ತೂಕ, ಕೊಂಡ ದಿನ, ಯಾರಿಂದ ಎಂದು ಬರೆದಿಡಿ. ಕಿಲುಬು ತೇವವಿದ್ದಲ್ಲೆಲ್ಲ ಬೆಳೆಯುತ್ತದೆ. ಮಂಗಳೂರು, ಕಾರವಾರದ ಮಳೆಗಾಲದಲ್ಲಂತೂ ಗಾಳಿಯಾಡದ ಡಬ್ಬಿ ಮತ್ತು ಸಿಲಿಕಾ ಜೆಲ್ ಇಲ್ಲದೆ ಆಗದು.

ಭಾರತಕ್ಕೆ ತರಿಸುವವರಿಗೆ

ಅಮೆರಿಕದಿಂದ ಅಂಚೆಯಲ್ಲಿ ತರಿಸುವ ಮುನ್ನ ಕಸ್ಟಮ್ಸ್ ಸುಂಕ ಎಷ್ಟು ಬೀಳುತ್ತದೆ ಎಂದು ವಿಚಾರಿಸಿಕೊಳ್ಳಿ, ಖರೀದಿಯ ರಸೀದಿ ಜೋಪಾನ ಮಾಡಿ. ಇನ್ನೊಂದು ಸಂಗತಿಯನ್ನು ಬಹಳ ಜನ ಯೋಚಿಸುವುದಿಲ್ಲ. ನಮ್ಮ 1972ರ ಪುರಾತನ ವಸ್ತು ಕಾಯಿದೆ ನೂರು ವರ್ಷ ದಾಟಿದ ನಾಣ್ಯಗಳನ್ನೂ ಪುರಾತನ ವಸ್ತುಗಳ ಸಾಲಿಗೆ ಸೇರಿಸುತ್ತದೆ, ಖಾಸಗಿಯವರು ಅವನ್ನು ದೇಶದಿಂದ ಹೊರಗೆ ಕಳಿಸುವುದಕ್ಕೆ ತಡೆ ಹಾಕುತ್ತದೆ. ಒಳಗೆ ಬಂದ ನಾಣ್ಯವನ್ನು ನಾಳೆ ನ್ಯೂಯಾರ್ಕಿನ ಹರಾಜಿಗೆ ಕಳಿಸಬೇಕೆಂದರೆ, ದರ್ಜೆ ಹಾಕಿಸಲು ಕಳಿಸಬೇಕೆಂದರೆ ತೊಡಕಾಗಬಹುದು. ಹಾಗಾಗಿ ದರ್ಜೆ ಹಾಕಿಸುವ ಕೆಲಸವನ್ನು ಅಲ್ಲೇ ಮುಗಿಸಿಕೊಂಡು ತರಿಸಿ. ಮುಂದೆ ಮಾರುವ ಯೋಚನೆಯಿದ್ದರೆ, ಅಮೆರಿಕದಲ್ಲಿರುವ ಅಕ್ಕನೋ ಭಾವನೋ ಬ್ಯಾಂಕಿನ ಲಾಕರಿನಲ್ಲಿ ಇಟ್ಟುಕೊಳ್ಳಲು ಒಪ್ಪಿದರೆ ಅಲ್ಲೇ ಇರಲಿ. ನೀವು ಫೋಟೊ ಇಟ್ಟುಕೊಂಡು ಅಚ್ಚು ಹುಡುಕಿ.